ಎರಡನೇ ಡಿಕಾಕ್ಷನ್

ಜನವರಿ 12, ಭಾನುವಾರ

ಡಾಕ್ಟರ್ ಹೈಮಾವತಿ ಒಂದು ಪುಸ್ತಕ ಇಡಿ ಎಂದಿದ್ದಾರೆ. ಹೆಂಡತಿ ಪಾರ್ವತಿಗೆ ದಿನಕ್ಕೆ ಎರಡು ಸಲ ನಾಲ್ಕು ಸೀಸೆ ಮೂಸಲು ಕೊಡಬೇಕು: ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ. ಏನಾದರೂ ಗೊತ್ತಾಯಿತೇ ಇಲ್ಲವೇ ಎಂದು ಬರೆಯಬೇಕು. ಇವತ್ತಿನದು: ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ. ಒಂದೇ ಸಾಲಿಗೆ ಮುಗಿದುಹೋಯಿತು. ಡೈರಿ ಕಾರ್ಖಾನೆಯಲ್ಲಿ ಪುಕ್ಕಟೆ ಕೊಟ್ಟದ್ದು, ದಿನಕ್ಕೊಂದು ಪುಟ ಇದೆ. ಪುಕ್ಕಟೆ ಬಂದದ್ದನ್ನೂ ದಂಡ ಮಾಡುವವನಲ್ಲ ನಾನು. ಉಳಿದ ಜಾಗದಲ್ಲಿ ನನಗೆ ತೋಚಿದ್ದು ಬರೆಯುತ್ತೇನೆ. ಪಾರ್ವತಿ ಓದುವುದಿಲ್ಲ, ನನ್ನ ಅಕ್ಷರ ನೋಡಿದರೆ ಅವಳಿಗೆ ತಲೆನೋವು.

ಡಿಸೆಂಬರಿನಲ್ಲಿ ಅವಳಿಗೆ ಜ್ವರ ಬಂದಿತ್ತು. ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದು ಗೊತ್ತಾದದ್ದು ಹಾಲು ಸೀದ ದಿನ. ನಾನು ಹೊರಗೆ ಗೇಟಿನ ಹತ್ತಿರ ಇದ್ದವನು ವಾಸನೆಗೆ ಓಡಿಬಂದರೆ, ಇವಳು ಒಲೆಯ ಪಕ್ಕದಲ್ಲೇ ನಿಂತು ಬೀನ್ಸ್ ಹೆಚ್ಚುತ್ತಿದ್ದಳು. ಪಾತ್ರೆ ಕರ್ರಗಾಗಿತ್ತು. "ಏನ್ರೀ, ಯಾಕೆ ಓಡಿ ಬಂದ್ರಿ?" ಎಂದು ನನ್ನನ್ನೇ ಕೇಳಿದಳು.

ಮೈಸೂರಿನವಳು. ಇಪ್ಪತ್ತೊಂಬತ್ತು ವರ್ಷದಿಂದ ವಿಶಾಖಪಟ್ಟಣದ ಈ ಟೌನ್‌ಶಿಪ್ಪಿನಲ್ಲಿ ಅವಳ ಕಾಫಿಗೆ ಹೆಸರಿದೆ. ಅಳತೆ ಚಮಚ ಅವಳು ಮುಟ್ಟಿದವಳೇ ಅಲ್ಲ, ಅಳತೆಯೆಲ್ಲ ಮೂಗಿನಲ್ಲಿತ್ತು. ನಿನ್ನೆ ಫಿಲ್ಟರು ತೊಳೆದು ಅಟ್ಟದ ಮೇಲಿಟ್ಟು, "ನಂಗಿನ್ನು ಕಾಫಿ ಬೇಡ ರೀ. ಅದೂ ಒಂದೇ, ಬಿಸಿನೀರೂ ಒಂದೇ. ನಿಮಗೆ ಬೇಕಂದ್ರೆ ಇನ್‌ಸ್ಟಂಟ್ ತಂದುಕೊಳ್ಳಿ," ಎಂದಳು. ಅವಳಿಗೆ ನೂರಾಮೂರು ಜ್ವರ ಇದ್ದಾಗಲೂ ನಾನು ಇಷ್ಟು ಹೆದರಿರಲಿಲ್ಲ.

ಆದರೆ ನಾನೂ ಸುಮ್ಮನೆ ಕೂರುವವನಲ್ಲ. ಮೂವತ್ತು ವರ್ಷ ಉಕ್ಕಿನ ಕ್ವಾಲಿಟಿ ನೋಡಿದವನು. ಮೂಗು ದುರ್ಬಲವಾದರೆ ಕಾಫಿ ಜೋರಾಗಬೇಕು, ಅಷ್ಟೇ. ನಮ್ಮ ಫಿಲ್ಟರು ಮದುವೆ ಕಾಲದ್ದು, ಅರ್ಧ ತೂತು ಕಟ್ಟಿಕೊಂಡಿವೆ. ಒಳ್ಳೆಯ ಸಾಮಾನು ಬೇಕು. ಅದು ಎಲ್ಲಿ, ಯಾವಾಗ, ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಈ ಸೆಕ್ಟರಿನಲ್ಲಿ ಇನ್ನೊಬ್ಬರಿಲ್ಲ.

ಜನವರಿ 18, ಶನಿವಾರ

ಮೂಸಿದ್ದು: ಇಲ್ಲ, ಇಲ್ಲ.

ಆನ್‌ಲೈನ್ ಸೇಲ್‌ನಲ್ಲಿ ಫ್ರೆಂಚ್ ಪ್ರೆಸ್ ತರಿಸಿದೆ. ಗಾಜಿನ ಜಗ್ಗು, ನಡುವೆ ಒತ್ತುವ ಜಾಲರಿ. ನಾಲ್ಕು ದಿನ ಕಾರ್ಟಿನಲ್ಲಿಟ್ಟು ತೆಗೆದು, ಮತ್ತೆ ಇಟ್ಟು, ಕೂಪನ್ನು ಹಾಕಿ, ಬ್ಯಾಂಕ್ ಕಾರ್ಡಿನ ರಿಯಾಯಿತಿಯನ್ನೂ ಸೇರಿಸಿ ಅರ್ಧಕ್ಕಿಂತ ಕಡಿಮೆಗೆ ಹೊಡೆದೆ. ಪಕ್ಕದ ಮನೆ ಸೂರ್ಯಕಾಂತಮ್ಮನವರ ಅಳಿಯ ಅದನ್ನೇ ಪೂರ್ತಿ ಬೆಲೆಗೆ ಕೊಂಡಿದ್ದಾರಂತೆ. ಪಾಪ.

ಕಾಫಿ ಅಂತೂ ಕೆರೆಯ ನೀರಿನ ಹಾಗೆ ಬಂತು. ತಳದಲ್ಲಿ ಕೆಸರು. ನಾನು ಜೀವಮಾನದಲ್ಲಿ ಮೊದಲ ಸಲ ಮಾಡಿದ ಕಾಫಿ ಅದು. ಪಾರ್ವತಿ ಒಂದು ಗುಟುಕು ಕುಡಿದು "ಚೆನ್ನಾಗಿದೆ ರೀ" ಎಂದಳು. ವಾಸನೆ ಬಂತಾ ಎಂದೆ. ತಲೆಯಾಡಿಸಿ ಇಲ್ಲವೆಂದಳು.

ಜನವರಿ 27, ಸೋಮವಾರ

ಇಲ್ಲ, ಇಲ್ಲ.

ಗಾಜುವಾಕದಲ್ಲಿ ಅಂಗಡಿ ಮುಚ್ಚುತ್ತಿದ್ದವನ ಹತ್ತಿರ ಮೋಕಾ ಪಾಟ್ ಸಿಕ್ಕಿತು. ಕೆಳಗೆ ನೀರು, ನಡುವೆ ಪುಡಿ. ಕುದಿದು ಮೇಲಕ್ಕೆ ಡಿಕಾಕ್ಷನ್ ಉಕ್ಕುತ್ತದೆ. ಬಹಳ ಜೋರು ಎಂದ. ಮನೆಗೆ ತಂದು ಇಂಡಕ್ಷನ್ ಸ್ಟೋವ್ ಮೇಲಿಟ್ಟು ಇಪ್ಪತ್ತು ನಿಮಿಷ ಕಾದೆ. ಏನೂ ಆಗಲಿಲ್ಲ. ಸೂರ್ಯಕಾಂತಮ್ಮ ಕರಿಬೇವಿಗೆ ಬಂದವರು ಅದನ್ನು ಎತ್ತಿ ನೋಡಿ, "ಅನ್ನಯ್ಯಗಾರು, ಇದು ಅಲ್ಯೂಮಿನಿಯಮ್ಮು ಅಂಡಿ," ಎಂದರು. ಅಲ್ಯೂಮಿನಿಯಂ ಇಂಡಕ್ಷನ್ ಮೇಲೆ ಕಾಯುವುದಿಲ್ಲ ಎಂಬುದನ್ನು ಲೋಹದ ಪರೀಕ್ಷೆಯಲ್ಲೇ ಜೀವ ಸವೆಸಿದ ನನಗೆ ಅವರು ಹೇಳಿಕೊಡಬೇಕಾಯಿತು.

ಪಾರ್ವತಿ ನಕ್ಕಳು. ಜ್ವರದ ನಂತರ ಮೊದಲ ಸಲ ಬಾಯಿಬಿಟ್ಟು ನಕ್ಕಳು. ಅಷ್ಟರ ಮಟ್ಟಿಗೆ ಕೊಟ್ಟ ದುಡ್ಡು ವಸೂಲಾಯಿತು.

ಫೆಬ್ರವರಿ 9, ಭಾನುವಾರ

ಇಲ್ಲ. ಸಂಜೆ ಲವಂಗದ ಸೀಸೆಗೆ "ಮೂಗಿನೊಳಗೆ ಚುರ್ ಅಂತು" ಎಂದಳು. ಅದು ಖಾರವಂತೆ, ವಾಸನೆಯಲ್ಲವಂತೆ.

ಮಧುರವಾಡಕ್ಕೆ ಹೋಗಿದ್ದೆ. ಫಣಿ ಎಂಬ ಹುಡುಗ ಎಸ್‌ಪ್ರೆಸೊ ಮಿಷನ್ ಮಾರುತ್ತೇನೆಂದು ಫೋನಿನಲ್ಲಿ ಹಾಕಿದ್ದ. ಹತ್ತನೇ ಮಹಡಿ, ಹೊಸ ಫ್ಲ್ಯಾಟು. ಮಿಷನ್ನಿನ ಸದ್ದಿಗೆ ಮಗು ಏಳುತ್ತದೆಂದು ಹೆಂಡತಿ ಅದನ್ನು ಮನೆಯಿಂದ ಆಚೆ ಹಾಕಿಸುತ್ತಿದ್ದಾಳೆ. ನಾನು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ: ಮೊದಲು ಗೀರು ತೋರಿಸಬೇಕು, ಆಮೇಲೆ ವಾರಂಟಿ ಇಲ್ಲವೆಂದು ಮುಖ ಸಪ್ಪಗೆ ಮಾಡಬೇಕು, ಆಮೇಲೆ ಎದ್ದು ಬಾಗಿಲ ತನಕ ಹೋಗಬೇಕು. ಇನ್ನೂ ಗೀರಿನ ಹತ್ತಿರ ಇದ್ದೆ. "ಯಾರಿಗೆ ಅಂಕಲ್?" ಎಂದ. ಹೇಳಿದೆ. ಹೆಂಡತಿಗೆ ವಾಸನೆ ಹೋಗಿದೆ, ಜೋರಾದ ಕಾಫಿ ಮಾಡಿಕೊಡಬೇಕು ಎಂದು. ಅವನು ತಾನಾಗಿಯೇ ಎರಡು ಸಾವಿರ ಇಳಿಸಿದ. ಒಂದು ಪೊಟ್ಟಣ ಅರಕು ಕಣಿವೆಯ ಕಾಫಿಬೀಜ ಬೇರೆ ಕೊಟ್ಟ.

ನಾನು ಹೇಳಬೇಕೆಂದಿದ್ದಕ್ಕಿಂತ ಕಡಿಮೆಗೆ ಸಿಕ್ಕಿತು. ಆದರೂ ಗೆದ್ದ ಖುಷಿ ಬರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ, ಕಾಲು ಜೋಮು ಹಿಡಿಯಿತು.

ಫೆಬ್ರವರಿ 11, ಮಂಗಳವಾರ

ಇಲ್ಲ, ಇಲ್ಲ. ಮಿಷನ್ ಭಾರೀ ಸದ್ದು ಮಾಡಿತು. ನೊರೆ ಬಂತು, ಬಣ್ಣ ಬಂತು. ಪಾರ್ವತಿ "ಚೆನ್ನಾಗಿದೆ" ಎಂದಳು. ವಾಸನೆ ಮಾತ್ರ ಇಲ್ಲ.

ಫೆಬ್ರವರಿ 20, ಗುರುವಾರ

ಇಲ್ಲ, ಇಲ್ಲ.

ಮಿಷನ್ ಕೆಟ್ಟು ಕೂತಿದೆ. ರಿಪೇರಿಯವನು ಮುಂದಿನ ವಾರ ಬರುತ್ತಾನಂತೆ. ಅಟ್ಟದಿಂದ ಹಳೆಯ ಸ್ಟೀಲ್ ಫಿಲ್ಟರನ್ನೇ ಇಳಿಸಿದೆ. ಪಾರ್ವತಿ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟಳು. ಮೇಲಿನ ಡಬ್ಬಿಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆತ್ತಗೆ ಒತ್ತಿ. ಗಟ್ಟಿಯಾಗಿ ಒತ್ತಬೇಡಿ, ಅದು ನಿಮ್ಮ ಕಾರ್ಖಾನೆ ಅಲ್ಲ. ನೀರು ಸುತ್ತಲೂ ಹಾಕಿ. ಈಗ ಸುಮ್ನಿರಿ, ಇಳಿಯೋದು ಕೇಳಿಸತ್ತೆ. ನಿಜವಾಗಿಯೂ ಕೇಳಿಸುತ್ತದೆ! ಟಪ್ ಟಪ್ ಎಂದು, ಆಮೇಲೆ ನಿಧಾನವಾಗಿ. ಇಷ್ಟು ವರ್ಷ ನಾನು ನಡುಮನೆಯಲ್ಲಿ ಪೇಪರು ಹಿಡಿದು ಕೂತು "ಆಯ್ತಾ?" ಎಂದು ಕೂಗುತ್ತಿದ್ದೆ.

ಮೊದಲ ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರು ತೊಳೆಯಲು ಹೊರಟೆ. "ಅಯ್ಯೋ, ಚೆಲ್ಲಬೇಡಿ! ಅದೇ ಪುಡಿಗೆ ಇನ್ನೊಂದ್ಸಲ ನೀರು ಹಾಕಿ. ಎರಡನೇದು ಬರತ್ತೆ."

"ಎರಡನೇದು ಯಾರಿಗೆ?"

"ನಂಗೆ. ನೀವು ಗಟ್ಟಿ ಕುಡೀತೀರಲ್ಲ, ಮೊದಲನೇದು ನಿಮಗಾಗತ್ತೆ. ಎರಡನೇದಕ್ಕೆ ಹಾಲು ಸ್ವಲ್ಪ ಕಮ್ಮಿ ಹಾಕಿದ್ರೆ ಬಣ್ಣ ಅದೇ ಥರ ಕಾಣತ್ತೆ."

ಅವಳು ಇದನ್ನು ಉಪ್ಪು ಎಲ್ಲಿದೆ ಎಂದು ಹೇಳಿದ ಹಾಗೆ ಹೇಳಿದಳು. ಇಪ್ಪತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಕಾಫಿ ಕುಡಿಯುತ್ತಿದ್ದೇವೆ ಎಂದುಕೊಂಡಿದ್ದೆ. ಎರಡನೇದನ್ನು ಕುಡಿದು ನೋಡಿದೆ. ಬಣ್ಣ ಮಾತ್ರ ಕಾಫಿಯದು. ಊರಿಗೆಲ್ಲ ಒಳ್ಳೆ ಕಾಫಿ ಕೊಟ್ಟವಳು ತಾನು ಇದನ್ನು ಕುಡಿದಳು. ನನಗೆ ಬಹಳ ಬೇಜಾರಾಗಿದೆ, ಯಾರ ಮೇಲೆ ಎಂದು ಬರೆಯಬೇಕಾಗಿಲ್ಲ.

ಫೆಬ್ರವರಿ 24, ಸೋಮವಾರ

ಇಲ್ಲ, ಇಲ್ಲ. ನಾಲ್ಕು ದಿನದಿಂದ ಮೊದಲನೇದು ಅವಳಿಗೆ, ಎರಡನೇದು ನನಗೆ. ವಾಸನೆಯೇ ಇಲ್ಲದವಳಿಗೆ ಮೊದಲನೇದು ಕೊಡುವುದು ಲೆಕ್ಕಕ್ಕೆ ಕೂರುವ ಮಾತಲ್ಲ. ಕೊಡುತ್ತಿದ್ದೇನೆ. ಅವಳಿಗೆ ಹೇಳಿಲ್ಲ, ಹೇಳಿದರೆ ಬಿಡುವುದಿಲ್ಲ. ಹಾಲು ಕಡಿಮೆ ಹಾಕುವ ಉಪಾಯ ಚೆನ್ನಾಗಿದೆ.

ಮಾರ್ಚ್ 6, ಗುರುವಾರ, ವಿಜಯವಾಡ

ಮಗಳ ಮನೆಗೆ ಬಂದಿದ್ದೇವೆ. ಗಾನವಿಯ ಗಂಡ ಕೃಷ್ಣಚೈತನ್ಯ ಇಲ್ಲಿಯವನೇ. ಒಳ್ಳೆಯ ಹುಡುಗ, ಆದರೆ ಮನೆಯಲ್ಲಿ ಎಲ್ಲರೂ ಟೀ ಕುಡಿಯುವವರು. ಇಲ್ಲಿನ ದೊಡ್ಡ ಡಾಕ್ಟರೂ ಅದನ್ನೇ ಹೇಳಿದರು: ಸೀಸೆ ಮೂಸಿಸುತ್ತಿರಿ, ಬಂದರೂ ಬರಬಹುದು, ತಿಂಗಳುಗಟ್ಟಲೆ ಆಗಬಹುದು.

ಬರದೆಯೂ ಇರಬಹುದು ಎಂದು ಅವರು ಹೇಳಲಿಲ್ಲ. ಪಾರ್ವತಿಯೇ ಕೇಳಿದಳು. ಅವರು ತಲೆ ತಗ್ಗಿಸಿ ಚೀಟಿ ಬರೆದರು.

ಮಧ್ಯಾಹ್ನ ನಾನೊಬ್ಬನೇ ಒನ್ ಟೌನಿನ ಪಾತ್ರೆ ಬೀದಿಗೆ ಹೋದೆ. ಹಿತ್ತಾಳೆ ಫಿಲ್ಟರು ಕಂಡಿತು. ಬಿಸಿ ಹೆಚ್ಚು ಹೊತ್ತು ಹಿಡಿಯುತ್ತದೆ, ಪರಿಮಳ ಹೊರಗೆ ಬಿಡುತ್ತದೆ ಎಂದ ಅಂಗಡಿಯವನು. ಹಳೆಯ ಸ್ಟಾಕು ಖಾಲಿ ಮಾಡುತ್ತಿದ್ದ. ಒಂದು ಗಂಟೆ ಜಗ್ಗಾಡಿ, ಎರಡು ಸಲ ಎದ್ದು ಹೊರಟು, ನನ್ನ ಬೆಲೆಗೇ ತಂದೆ. ಪಕ್ಕದ ಅಂಗಡಿಯಲ್ಲಿ ಕಾಫಿಪುಡಿಯನ್ನೂ ಚಿಕೋರಿಯನ್ನೂ ಬೇರೆ ಬೇರೆ ತೆಗೆದುಕೊಂಡೆ. ಚಿಕೋರಿ ಎಂದರೆ ಹುರಿದ ಬೇರಿನ ಪುಡಿ, ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ ಕೊಡುತ್ತದೆ. ಕಾಫಿಯ ಗಂಧ ಅದರಲ್ಲಿ ಇರುವುದಿಲ್ಲ. ಬೆರೆಸಿದ ಪುಡಿ ಕೊಂಡರೆ ಚಿಕೋರಿಗೂ ಕಾಫಿಯ ಬೆಲೆ ಕೊಟ್ಟ ಹಾಗಾಗುತ್ತದೆ. ನಾನೇ ಬೆರೆಸಿಕೊಳ್ಳುತ್ತೇನೆ.

ಗಾನವಿ ಫಿಲ್ಟರು ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಇನ್ನೂ ಒಂದಾ? ಅಮ್ಮನ್ನ ಸ್ವಲ್ಪ ಸುಮ್ನೆ ಬಿಡು. ಪ್ರತಿ ಸಲ ಲೋಟ ಕೊಟ್ಟು ಅವಳ ಮುಖಾನೇ ನೋಡ್ತಾ ನಿಂತ್ಕೋತೀಯ. ಅವಳಿಗೆ ಎಷ್ಟು ಕಷ್ಟ ಆಗತ್ತೆ, ತೆಲುಸಾ ನಿಂಗೆ?"

ಇವಳಿಗೇನು ಗೊತ್ತು.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಬಂತು! ಬಂತು!

ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಕೆಟ್ಟದಾಗಿದೆ. ಹಿತ್ತಾಳೆ ಫಿಲ್ಟರಿನಲ್ಲಿ ಮೊದಲ ಡಿಕಾಕ್ಷನ್ ಇಳಿಸಿ, ಹಾಲು ಉಕ್ಕುವಾಗಲೇ ಬೆರೆಸಿ ಕೊಟ್ಟೆ. ಪಾರ್ವತಿ ಬಾಲ್ಕನಿಯಲ್ಲಿ ಕೂತಿದ್ದಳು. ಲೋಟ ಮೂಗಿನ ಹತ್ತಿರ ಹಿಡಿದಳು. ನನ್ನ ಮುಖ ನೋಡಿದಳು. ಮತ್ತೆ ಹಿಡಿದಳು. "ರೀ... ಘಮ್ ಅಂತಿದೆ ರೀ," ಎಂದಳು. ನಾನು ಮಗಳ ಮನೆ ಎಂದೂ ನೋಡದೆ ಕೂಗಿಬಿಟ್ಟೆ. ಗಾನವಿ ಓಡಿ ಬಂದಳು, ಅಳಿಯ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. ಗಾನವಿ ಅವಳಮ್ಮನನ್ನು ತಬ್ಬಿಕೊಂಡು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಬರೆಯುವುದಕ್ಕೆ ನಾಚಿಕೆಯಿಲ್ಲ.

ನಾನು ಹೇಳಲಿಲ್ಲವೇ? ಸರಿಯಾದ ಸಾಮಾನು ಬೇಕು ಎಂದು! ಅದೂ ಅರ್ಧ ಬೆಲೆಗೆ! ಎರಡನೇದನ್ನು ಹಾಲು ಬೆರೆಸಿ ಫ್ಲಾಸ್ಕಿಗೆ ಹಾಕಿಟ್ಟಿದ್ದೇನೆ, ರೈಲಿನಲ್ಲಿ ಕುಡಿಯಲು. ಖುಷಿಗೆ ನನಗೆ ಈಗ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ.

ಅದೇ ದಿನ, ರೈಲಿನಲ್ಲಿ

ರಾಜಮಂಡ್ರಿ ದಾಟಿತು. ಪಾರ್ವತಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಳೆ.

ಗೋದಾವರಿ ಸೇತುವೆಯ ಮೇಲೆ ಫ್ಲಾಸ್ಕ್ ತೆರೆದು ಕುಡಿದೆ. ಕಹಿ ಇತ್ತು, ಕಾಫಿಯ ವಾಸನೆ ಸ್ವಲ್ಪವೂ ಇರಲಿಲ್ಲ. ಎರಡನೇದು ಎಂದರೂ ಇಷ್ಟು? ಚೀಲ ತೆಗೆದು ನೋಡಿದೆ. ಕಾಫಿಪುಡಿಯ ಪೊಟ್ಟಣ ಹಾಗೇ ಇದೆ, ಪಿನ್ನು ಕೂಡ ತೆಗೆದಿಲ್ಲ. ಒಡೆದಿರುವುದು ಇನ್ನೊಂದು, ಆತುರದಲ್ಲಿ ಬೆರೆಸುವುದನ್ನೇ ಮರೆತಿದ್ದೇನೆ.

ನಾನು ಅವಳಿಗೆ ಕೊಟ್ಟದ್ದು ಬರೀ ಚಿಕೋರಿ.

ಮಾರ್ಚ್ 16, ಭಾನುವಾರ

ಮೂಸಿದ್ದು: ನಾಲ್ಕಕ್ಕೂ "ಬಂತು" ಎಂದಳು. ನಾನು ಬರೆದುಕೊಂಡೆ.

ಒಂದು ವಾರ ಈ ಪುಸ್ತಕ ಮುಟ್ಟಲಿಲ್ಲ. ನನ್ನದೇ ಭ್ರಮೆಯಿರಬಹುದು, ಅವಳಿಗೆ ನಿಜವಾಗಿ ಏನೋ ಬಂದಿರಬಹುದು ಎಂದುಕೊಂಡೆ. ಇವತ್ತು ಸಂಜೆ ಬೀಚಿಗೆ ಹೊರಟಾಗ ಆಟೋದವನಿಗೆ ಫಿಷಿಂಗ್ ಹಾರ್ಬರಿನ ಕಡೆಯಿಂದ ಹೋಗು ಎಂದೆ. ಅಲ್ಲಿ ಮೀನು ಒಣಹಾಕಿರುತ್ತಾರೆ. ಈ ಊರಿಗೆ ಬಂದಂದಿನಿಂದ ಪಾರ್ವತಿ ಆ ತಿರುವಿಗೆ ಅರ್ಧ ಮೈಲಿ ಇರುವಾಗಲೇ ಸೆರಗು ಮೂಗಿಗೆ ಹಿಡಿದು ನನ್ನನ್ನು ಬೈಯುತ್ತಿದ್ದಳು.

ಇವತ್ತು ದೋಣಿಗಳನ್ನು ನೋಡುತ್ತಾ ಕೂತಿದ್ದಳು. ಗಾಳಿ ನಮ್ಮ ಮುಖಕ್ಕೇ ಬೀಸುತ್ತಿತ್ತು. ಆಟೋದವನೂ ಮುಖ ಕಿವುಚಿದ. ನಾನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದೆ. ಅದನ್ನು ನೋಡಿ ಅವಳು ಬೆಚ್ಚಿದಳು, ಬೇಗನೆ ಸೆರಗು ಎತ್ತಿ ಮೂಗಿಗೆ ಹಿಡಿದು "ಥೂ, ಏನು ವಾಸನೆ ರೀ!" ಎಂದಳು.

ನಾನು "ಹೌದು ಕಣೆ, ವಿಪರೀತ," ಎಂದೆ.

ಅವಳಿಗೆ ಏನೂ ಬಂದಿಲ್ಲ. ನನಗೋಸ್ಕರ ಬಂತು ಎನ್ನುತ್ತಿದ್ದಾಳೆ. ಗಾನವಿ ಹೇಳಿದ್ದು ಸರಿ. ದಿನಾ ಲೋಟ ಕೊಟ್ಟು ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗೆ ನಿಂತರೆ ಅವಳು ಇನ್ನೇನು ಹೇಳಿಯಾಳು? ವಾಸನೆ ಕಳೆದುಕೊಂಡವಳು ಅವಳು, ಸಮಾಧಾನ ಮಾಡಿಸಿಕೊಳ್ಳುತ್ತಿರುವವನು ನಾನು. ಬೀಚಿನಲ್ಲಿ ಅವಳ ಕೈ ಹಿಡಿದುಕೊಂಡು ನಡೆದೆ. "ಯಾರಾದ್ರೂ ನೋಡಿದ್ರೆ?" ಎಂದಳು, ಕೈ ಬಿಡಿಸಿಕೊಳ್ಳಲಿಲ್ಲ. ಚಿಕೋರಿಯ ವಿಷಯ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಮಾರ್ಚ್ 30, ಭಾನುವಾರ, ಯುಗಾದಿ

ಈಗ ಸೀಸೆ ಕೊಟ್ಟು "ಬಂತಾ?" ಎಂದು ಕೇಳುವುದಿಲ್ಲ. ನಾನೇ ಮೊದಲು ಮೂಸಿ ಅದು ಹೇಗಿದೆ ಎಂದು ಅವಳಿಗೆ ಹೇಳುತ್ತೇನೆ. ನೀಲಗಿರಿ ಎಣ್ಣೆ: ಗಾನವಿಗೆ ಎರಡು ವರ್ಷವಿದ್ದಾಗ ನೆಗಡಿಯಾಗಿ ದಿಂಬಿಗೆ ಹಾಕಿದ್ದೆಯಲ್ಲ, ಅದು. ಗುಲಾಬಿ: ನಮ್ಮ ಮದುವೆಯಲ್ಲಿ ನಿಮ್ಮ ಚಿಕ್ಕಪ್ಪ ಪನ್ನೀರು ಎರಚಿ ನನ್ನ ಕನ್ನಡಕ ಒದ್ದೆ ಮಾಡಿದ್ದು. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ನಾಲ್ಕು ಸೀಸೆಗೆ ಮೊದಲು ಐದು ನಿಮಿಷ ಸಾಕಾಗುತ್ತಿತ್ತು, ಈಗ ಮುಕ್ಕಾಲು ಗಂಟೆ ಹೋಗುತ್ತದೆ. ಮೊನ್ನೆ ಅವಳೇ ತಡೆದು, "ರೀ, ನಿಜ ಹೇಳ್ಲಾ? ನಂಗೆ ಇನ್ನೂ ಏನೂ ಬರ್ತಿಲ್ಲ," ಎಂದಳು. ಗೊತ್ತು ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫ್ರೆಂಚ್ ಪ್ರೆಸ್ಸನ್ನು ಸೂರ್ಯಕಾಂತಮ್ಮ ಕೇಳಿದರು, ಕೊಟ್ಟೆ. ಹುಣಸೆಹಣ್ಣಿನ ರಸ ಹಿಂಡಲು ಬಹಳ ಅನುಕೂಲವಂತೆ.

ಏಪ್ರಿಲ್ 19, ಶನಿವಾರ

ಇಲ್ಲ. ಬೇಸಿಗೆ ಸೇಲ್ ಶುರುವಾಗಿ ಮೂರು ದಿನವಾಯಿತಂತೆ, ಆಫೀಸಿನಲ್ಲಿ ಹೇಳಿದರು. ಫೋನಿನಲ್ಲಿ ಬಂದಿರಬೇಕು, ನೋಡಲು ಪುರಸೊತ್ತಾಗಲಿಲ್ಲ. ಹೊಸ ಪುಡಿ ತಂದೆ. ಎಷ್ಟು ಕೊಟ್ಟೆನೋ ನೆನಪಿಲ್ಲ. ಡಿಕಾಕ್ಷನ್ ಈಗ ಸದ್ದಿನಲ್ಲೇ ಗೊತ್ತಾಗುತ್ತದೆ.

ಮೇ 2, ಶುಕ್ರವಾರ

ಬೆಳಿಗ್ಗೆ ಇಲ್ಲ. ಸಂಜೆ ನಿಂಬೆಸಿಪ್ಪೆ ಮೂಸಿ, "ಏನೋ ಒಂಥರ" ಎಂದಳು. ಏನು ಎಂಬ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ.

ಮೇ 11, ಭಾನುವಾರ

ಬೆಳಿಗ್ಗೆ ಎಂದಿನಂತೆ ಹಳೆಯ ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದೆ. ಅವಳದು, ನನ್ನದು, ಎರಡು ಲೋಟ ತಟ್ಟೆಯಲ್ಲಿಟ್ಟು ನಡುಮನೆಗೆ ತಂದೆ. ಅಷ್ಟರಲ್ಲಿ ಸೂರ್ಯಕಾಂತಮ್ಮ ಆವಕಾಯಿ ಉಪ್ಪಿನಕಾಯಿ ಕೊಡಲು ಬಂದರು. ಬಾಗಿಲಲ್ಲಿ ಅವರ ಜೊತೆ ಮಾತಾಡಿ, ಜಾಡಿ ಹಿಡಿದು ಒಳಗೆ ಬಂದರೆ ಪಾರ್ವತಿ ಆಗಲೇ ಒಂದು ಲೋಟ ಎತ್ತಿಕೊಂಡಿದ್ದಳು. ಅದು ನನ್ನದು. ಹೇಳಿ ಪ್ರಯೋಜನವಿಲ್ಲ, ಅವಳಿಗೆ ಯಾವುದಾದರೂ ಒಂದೇ ಎಂದುಕೊಂಡು ಸುಮ್ಮನಾದೆ.

ಅವಳು ಒಂದು ಗುಟುಕು ಕುಡಿದು ನಿಲ್ಲಿಸಿದಳು. ಲೋಟ ಮೂಗಿನ ಹತ್ತಿರ ಹಿಡಿದಳು. ತಟ್ಟೆಯಲ್ಲಿದ್ದ ಇನ್ನೊಂದನ್ನೂ ಎತ್ತಿ ಹಿಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮತ್ತೆ ಮೊದಲಿನದಕ್ಕೆ ಹೋದಳು. ಅವಳ ಹುಬ್ಬು ಗಂಟಿಕ್ಕಿತ್ತು.

"ಇದೇನ್ರೀ ಇದು? ಇದು ಎರಡನೇ ಡಿಕಾಕ್ಷನ್."

ನಾನು ಜಾಡಿ ಹಿಡಿದು ನಿಂತೇ ಇದ್ದೆ.

"ಹಾಲು ಕಮ್ಮಿ ಹಾಕಿ ಬಣ್ಣ ತಂದಿದೀರಿ. ನಂಗೇ ಗೊತ್ತಾಗಲ್ಲ ಅಂದ್ಕೊಂಡ್ರಾ? ಎಷ್ಟು ವರ್ಷ ಕುಡಿದಿದೀನಿ ಇದನ್ನ." ಆಮೇಲೆ ನಿಧಾನವಾಗಿ ಕೇಳಿದಳು, "ಯಾರದು ಈ ಲೋಟ?"

"ನನ್ನದು."

"ಯಾವಾಗಿಂದ?"

"ಫೆಬ್ರವರಿಯಿಂದ."

ಅವಳ ಕಣ್ಣು ತುಂಬಿತು. "ನಂಗೆ ಮೂಗೇ ಇರ್ಲಿಲ್ಲವಲ್ರೀ ಆಗ. ಮೊದಲನೇದೆಲ್ಲ ದಂಡ ಮಾಡಿದ್ರಲ್ಲ!" ಎಂದವಳು ಅಲ್ಲಿಗೇ ನಿಂತಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, ಒಮ್ಮೆ ಅದಕ್ಕೆ, ಒಮ್ಮೆ ಇದಕ್ಕೆ ಬಗ್ಗಿ ಬಗ್ಗಿ ಮೂಸಿದಳು. ಅಳುತ್ತಲೇ ನಗುತ್ತಿದ್ದಳು. ಉಪ್ಪಿನಕಾಯಿ ಜಾಡಿಯನ್ನು ಎಲ್ಲಿಟ್ಟೆನೋ, ಮಧ್ಯಾಹ್ನ ಊಟಕ್ಕೆ ಹುಡುಕಿದರೆ ಚಪ್ಪಲಿ ಸ್ಟ್ಯಾಂಡಿನಲ್ಲಿ ಸಿಕ್ಕಿತು.

ಸಂಜೆ ಅವಳೇ ಅಡಿಗೆಮನೆಗೆ ಹೋಗಿ ನನ್ನನ್ನು ಆಚೆ ಕಳಿಸಿದಳು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವಳು ಮೊದಲ ಡಿಕಾಕ್ಷನ್ ಇಳಿಸಿ, ಎರಡು ಲೋಟಕ್ಕೂ ಸಮವಾಗಿ ಹಾಕಿದಳು. ಆಮೇಲೆ ಪುಡಿಗೆ ಇನ್ನೊಮ್ಮೆ ನೀರು ಹಾಕಿ ಎರಡನೇದನ್ನೂ ಇಳಿಸಿ, ಅದನ್ನೂ ಎರಡು ಲೋಟಕ್ಕೂ ಸಮವಾಗಿ ಹಾಕಿದಳು.

ಮೂಸಿದ್ದು: ಬಂತು.